ನಿಲ್ಲದ ಕಲ್ಲು: ಪಳವಣಕರ ಬಾಳೂ ಅವರ ಸ್ಮಾರಕದ ಬಗ್ಗೆ

1

ವಿಮರ್ಶೆ ಅಂದರೆ ಕಥೆ, ಕವಿತೆ, ಕಾದಂಬರಿಗಳನ್ನು ಓದಿ ಬೆಲೆ ಕಟ್ಟುವ ಕೆಲಸವೆಂದು ನಮಗೆ ಕಾಲೇಜುಗಳಲ್ಲಿ ಕಲಿಸಿದ್ದಾರೆ. ಆದರೆ ನಮ್ಮ ಕೇರಿಗಳ ಜನ ಪುಸ್ತಕ ಓದುವುದಕ್ಕಿಂತ ಮೊದಲೇ ಪುತ್ಥಳಿಯನ್ನು ಓದಿದವರು. ನೀಲಿ ಕೋಟು, ಎಡಗೈಯಲ್ಲಿ ಸಂವಿಧಾನ, ಮೇಲೆತ್ತಿದ ಬಲಗೈಯ ತೋರುಬೆರಳು. ಸಹಿ ಹಾಕಲೂ ಬಾರದ ನಮ್ಮ ಆಯಿಗಳು ಇದನ್ನು ಒಂದಕ್ಷರ ತಪ್ಪದೆ ಓದುತ್ತಾರೆ. "ಆ ಬೆರಳು ಏನ ಹೇಳಾಕತ್ತೈತಿ ಆಯಿ?" ಅಂತ ಕೇಳಿ ನೋಡಿ. ಒಬ್ಬಾಕೆ "ಸಾಲಿ ಬಿಡಬ್ಯಾಡ ಅಂತೈತಿ" ಅಂದಾಳು. ಇನ್ನೊಬ್ಬಾಕೆ "ಗೌಡರ ಮನಿ ಮುಂದ ತೆಲಿ ತಗ್ಗಸಬ್ಯಾಡ ಅಂತೈತಿ" ಅಂದಾಳು. ಎರಡೂ ಒಳ್ಳೆಯ ಓದುಗಳೇ.

ಹೀಗಿರುವಾಗ ದಲಿತ ವಿಮರ್ಶೆ ಪುತ್ಥಳಿಗಳನ್ನು ಪಠ್ಯಗಳಂತೆ ಓದಲು ಕಲಿಯಬೇಕು. ಯಾರು ನಿಂತಿದ್ದಾರೆ, ಯಾರು ನಿಲ್ಲಿಸಿದರು, ಯಾವ ದಿಕ್ಕಿಗೆ ಮುಖ, ಪೀಠದ ಮೇಲೆ ಯಾರ ಹೆಸರು ದೊಡ್ಡ ಅಕ್ಷರದಲ್ಲಿದೆ, ಮಾಲೆ ಹಾಕುವವರು ಯಾರು, ಕಲ್ಲು ಒಗೆಯುವವರು ಯಾರು ಎಂಬ ಪ್ರಶ್ನೆಗಳೆಲ್ಲ ವಿಮರ್ಶೆಯ ಪ್ರಶ್ನೆಗಳೇ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಯಾರು ನಿಂತಿಲ್ಲ? ಈ ಟಿಪ್ಪಣಿ ನಮ್ಮ ನೆನಪಿನಲ್ಲಿ ನಿಲ್ಲದ ಅಂಥ ಒಂದು ಕಲ್ಲಿನ ಬಗ್ಗೆ, ಪಳವಣಕರ ಬಾಳೂ ಎಂಬ ಕ್ರಿಕೆಟ್ ಆಟಗಾರರ ಬಗ್ಗೆ.

ಏಕಸಂಬಿಯಂಥ ಗಡಿ ಊರಿನವನಾದ ನನಗೆ ಇದು ದೂರದ ವಿಷಯವಲ್ಲ. ನಮಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಮಾತು ಕನ್ನಡ, ಸಂತೆ ಮರಾಠಿ, ಬೈಗುಳ ಎರಡರಲ್ಲೂ. ಬಾಬಾಸಾಹೇಬರು ಶಾಹೂ ಮಹಾರಾಜರ ಎದುರು ಮಾತಾಡಿದ 1920ರ ಮಾಣಗಾವ್ ಪರಿಷತ್ತು ನಡೆದದ್ದು ನಮ್ಮ ಪಕ್ಕದಲ್ಲಿ. 1925ರಲ್ಲಿ ಅವರು ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿಗೆ ಬಂದದ್ದು ನಿಪ್ಪಾಣಿಗೆ. 1950ರ ಡಿಸೆಂಬರಿನಲ್ಲಿ, ಬಾಬಾಸಾಹೇಬರು ಬದುಕಿರುವಾಗಲೇ, ಕೊಲ್ಹಾಪುರದ ಬಿಂದು ಚೌಕಿನಲ್ಲಿ ಮಾಧವರಾವ ಬಾಗಲರ ಮುಂದಾಳತನದಲ್ಲಿ ಅವರದೂ ಮಹಾತ್ಮಾ ಫುಲೆಯವರದೂ ಪುತ್ಥಳಿಗಳು ನಿಂತವು. ಹಾಗಾಗಿ ಪುತ್ಥಳಿ ನಮಗೆ ಹೊಸ ಹುಚ್ಚೇನಲ್ಲ. ಅದು ನಮ್ಮವರು ಊರ ನಡುವಿನ ನೆಲದ ಮೇಲೆ ಬರೆದ ಅರ್ಜಿ. ಆ ಅರ್ಜಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು 1997ರ ಜುಲೈ 11ರಂದು ಮುಂಬಯಿಯ ಘಾಟಕೋಪರದ ರಮಾಬಾಯಿ ನಗರ ತೋರಿಸಿತು. ಅಂಬೇಡ್ಕರ್ ಪುತ್ಥಳಿಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹತ್ತು ಜನ ಸತ್ತರು.

ನಮ್ಮ ಊರಲ್ಲಿ ಹಳೆಯ ಕಲ್ಲಿಗೂ ಕೊರತೆಯಿಲ್ಲ. ನೇಮಿನಾಥ ಬಸದಿಯ 12ನೆಯ ಶತಮಾನದ ಶಾಸನ ಬಸದಿ ಕಟ್ಟಿಸಿದ ಶಿಲಾಹಾರರ ಸೇನಾಪತಿಯನ್ನು ನೆನೆಯುತ್ತದೆ. ಕಲ್ಲಿಗೆ ನೆನಪಿರುತ್ತದೆ, ನಿಜ. ಯಾರನ್ನು ನೆನೆಯಬೇಕು ಎಂಬುದನ್ನು ಮಾತ್ರ ಕೆತ್ತಿಸುವವರು ತೀರ್ಮಾನಿಸುತ್ತಾರೆ.

2

ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1870ರ ದಶಕದ ನಡುವೆ. ಮನೆತನದ ಹೆಸರು ಕೊಂಕಣದ ಪಳವಣ ಎಂಬ ಹಳ್ಳಿಯಿಂದ ಬಂದದ್ದು. ಜಾತಿ ಚಮ್ಮಾರ. ತಂದೆಗೆ ಸೈನ್ಯದ ಚಾಕರಿ. ಸಂಸಾರ ಪುಣೆಗೆ ಬಂತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬಾಬಾಸಾಹೇಬರು ಹುಟ್ಟಿದ್ದೂ ಮಹೂ ಎಂಬ ದಂಡಿನ ಊರಿನಲ್ಲಿ. ಹಳ್ಳಿಯ ಅಗಸೆ ಬಾಗಿಲಿನಿಂದ ನಮ್ಮವರು ಮೊದಲ ಸಲ ಪಾರಾಗಿದ್ದು ಸೈನ್ಯದ ದಾರಿಯಿಂದಲೇ. ಒಬ್ಬರಿಗೆ ಅಲ್ಲಿ ಪುಸ್ತಕ ಸಿಕ್ಕಿತು, ಇನ್ನೊಬ್ಬರಿಗೆ ಚೆಂಡು ಸಿಕ್ಕಿತು.

ಬಾಳೂಗೆ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ ಕೆಲಸ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ಚಿಗೆ ರೋಲರ್ ಎಳೆಯಬೇಕು, ನೆಟ್ಟು ಕಟ್ಟಬೇಕು, ಸಾಹೇಬರಿಗೆ ಅಭ್ಯಾಸಕ್ಕಾಗಿ ತಾಸುಗಟ್ಟಲೆ ಚೆಂಡು ಹಾಕಬೇಕು. ಜೆ.ಜಿ. ಗ್ರೇಗ್ ಎಂಬ ಹೆಸರಾಂತ ಬ್ಯಾಟುಗಾರನಿಗೆ ದಿನವೂ ಚೆಂಡು ಹಾಕಿ ಹಾಕಿ ಆ ಎಡಗೈ ಪಳಗಿತು. ಗ್ರೇಗ್ ಔಟಾದಾಗೊಮ್ಮೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯೂ ಉಂಟು. ಆದರೆ ಆ ಕ್ಲಬ್ಬಿನಲ್ಲಿ ಬಾಳೂ ಕೈಗೆ ಬ್ಯಾಟು ಕೊಟ್ಟವರಿಲ್ಲ. ಚೆಂಡು ಹಾಕುವುದು ಮೈಮುರಿಯುವ ಕೆಲಸ, ಬ್ಯಾಟು ಬೀಸುವುದು ದೊರೆಗಳ ಕೆಲಸ. ಶ್ರಮ ಯಾರದು, ಸೊಗಸು ಯಾರದು ಎಂಬ ಹಂಚಿಕೆಯನ್ನು ಬಿಳಿಯರಿಗೆ ನಾವೇನೂ ಕಲಿಸಬೇಕಾಗಿರಲಿಲ್ಲ. ಅವರದೇ ವರ್ಗವ್ಯವಸ್ಥೆ ನಮ್ಮ ವರ್ಣವ್ಯವಸ್ಥೆಯ ಮೇಲೆ ಸರಿಯಾಗಿ ಕೂತಿತು, ಅಷ್ಟೆ.

ಪುಣೆಯ ಹಿಂದೂ ಕ್ಲಬ್ಬು ಬಿಳಿಯರನ್ನು ಸೋಲಿಸಬೇಕೆಂದು ಹಟ ತೊಟ್ಟಾಗ ಪೇಚಿಗೆ ಬಿತ್ತು. ಗೆಲ್ಲಬೇಕಾದರೆ ಬಾಳೂ ಬೇಕು, ಬಾಳೂ ಬಂದರೆ ಮೈಲಿಗೆ. ವಾದವಿವಾದದ ನಂತರ ಸೇರಿಸಿಕೊಂಡರು. ಮೈದಾನದಲ್ಲಿ ಅದೇ ಚೆಂಡನ್ನು ಬ್ರಾಹ್ಮಣರೂ ಮುಟ್ಟಿದರು, ಬಾಳೂವೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬಾಳೂಗೆ ಪೆವಿಲಿಯನ್ನಿನ ಹೊರಗೆ, ಒಡೆದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟ ಬೇರೆ ತಾಟಿನಲ್ಲಿ, ಬೇರೆ ಜಾಗದಲ್ಲಿ.

ಈ ಕುಡಿಕೆಯ ಕಥೆಯನ್ನು ಈಗ ಬಹಳ ಜನ ಹೇಳುತ್ತಾರೆ. "ಅಯ್ಯೋ ಪಾಪ" ಎನ್ನುವ ದನಿಯಲ್ಲಿ ಹೇಳುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ. ಎಲ್ಲ ಆಟ ಬಿಟ್ಟು ಕ್ರಿಕೆಟ್ಟಿನಲ್ಲೇ ಇದು ಹೇಗೆ ಸಾಧ್ಯವಾಯಿತು? ನಮ್ಮ ಕಡೆ ಆಟ ಅಂದರೆ ಕುಸ್ತಿ. ಕುಸ್ತಿಯಲ್ಲಿ ಮೈಗೆ ಮೈ ಹತ್ತದೆ ಆಟವೇ ಇಲ್ಲ. ಒಬ್ಬನ ಬೆವರು ಇನ್ನೊಬ್ಬನ ಮೈಗೆ ಬಳಿಯುತ್ತದೆ, ಇಬ್ಬರ ಮೈಮೇಲೂ ಅದೇ ಅಖಾಡದ ಮಣ್ಣು. ಅಲ್ಲಿ ಅಸ್ಪೃಶ್ಯನನ್ನು ಇಳಿಸಿಕೊಂಡ ಮೇಲೆ ಮುಟ್ಟಬೇಕಾಗುತ್ತದೆ. ಕ್ರಿಕೆಟ್ಟಿನಲ್ಲಿ ಹಾಕುವವನಿಗೂ ಹೊಡೆಯುವವನಿಗೂ ನಡುವೆ 22 ಗಜ. ಮೈ ದೂರ ಇರುತ್ತದೆ, ಚೆಂಡು ಮಾತ್ರ ಹೋಗಿ ಬರುತ್ತದೆ. ಊರಿಗೂ ಕೇರಿಗೂ ಇದ್ದ ಸಂಬಂಧ ಇದೇ ಅಲ್ಲವೆ? ಕೇರಿಯವರ ದುಡಿತ ಊರೊಳಗೆ ಬರುತ್ತದೆ. ಹೊಲಿದ ಚಪ್ಪಲಿ, ಹೆಣೆದ ಹಗ್ಗ, ಬಡಿದ ಹಲಗಿಯ ಸಪ್ಪಳ ಬರುತ್ತದೆ. ದುಡಿದವನು ಹೊರಗೇ ನಿಲ್ಲುತ್ತಾನೆ. ಮೈದಾನದ ಸಮಾನತೆ ಅಂತ ನಾವು ಕೊಂಡಾಡುವುದರಲ್ಲಿ ಈ 22 ಗಜದ ಪಾಲೆಷ್ಟು ಎಂದು ಅಳೆಯಬೇಕು. ಆಟ ಮುಗಿದು ದೂರ ಕಡಿಮೆಯಾದ ಕೂಡಲೇ ಕುಡಿಕೆ ಬಂತು.

ಆ ಕುಡಿಕೆಗೆ ಉತ್ತರ ಕೊಟ್ಟದ್ದು ಕೊಲ್ಹಾಪುರ. ಶಾಹೂ ಮಹಾರಾಜರು ಗಂಗಾರಾಮ ಕಾಂಬಳೆ ಎಂಬ ಮಹಾರ ಜಾತಿಯವರಿಂದ ಚಹಾದಂಗಡಿ ಇಡಿಸಿ, ತಾವೇ ಹೋಗಿ ಅಲ್ಲಿ ಚಹಾ ಕುಡಿದರು. ಜೊತೆಗಿದ್ದ ಮೇಲ್ಜಾತಿಯವರೂ ಕುಡಿಯಬೇಕಾಯಿತು. ಮುಟ್ಟಿಸಿಕೊಳ್ಳದವರ ಕಪ್ಪಿನಲ್ಲಿ ನಮಗೆ ಚಹಾ ಕೊಡಿಸುವುದಕ್ಕಿಂತ ನಮ್ಮ ಕಪ್ಪಿನಲ್ಲಿ ಅವರಿಗೆ ಚಹಾ ಕುಡಿಸುವುದು ದೊಡ್ಡ ಮಾತು. ಆದರೂ ಈ ರೋಗ ಹೋಗಲಿಲ್ಲ. ನಮ್ಮ ಅಪ್ಪ ಕಬ್ಬಿನ ಕಡಿತಕ್ಕೆ ಹೋದ ಊರೊಂದರ ಚಹಾದಂಗಡಿಯಲ್ಲಿ ನಮ್ಮವರ ಲೋಟಗಳು ಹಿತ್ತಲ ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಕುಡಿದು, ತೊಳೆದು, ಅಲ್ಲೇ ಇಟ್ಟು ಬರಬೇಕು. "ಚಾ ಛಲೋನ ಇರತಿತ್ತು, ಗಂಟಲದಾಗ ಇಳಿತಿರಲಿಲ್ಲ" ಅಂತ ಅಪ್ಪ ಹೇಳುತ್ತಿದ್ದ. ಬಾಳೂ ಅವರ ಸ್ಮಾರಕದ ಬಗ್ಗೆ ಏನೇ ಬರೆದರೂ ಈ ಗಂಟಲಿನಿಂದಲೇ ಬರೆಯಬೇಕಾಗುತ್ತದೆ.

3

ಕ್ರಿಕೆಟ್ಟಿನ ಚೆಂಡು ತೊಗಲಿನದು. ಒಳಗೆ ಬೆಂಡು, ಸುತ್ತಲೂ ನೂಲು, ಮೇಲೆ ಹದ ಮಾಡಿದ ದನದ ತೊಗಲಿನ ಹೊದಿಕೆ, ನಡುವೆ ಆರು ಸಾಲು ಹೊಲಿಗೆ. ಸತ್ತ ದನದ ತೊಗಲು ಸುಲಿದವನು, ಹದ ಮಾಡಿದವನು, ಹೊಲಿದವನು ಮೈಲಿಗೆ. ಅದೇ ತೊಗಲು ಚೆಂಡಾಗಿ ಬಂದರೆ ಜನಿವಾರದ ಕೈಗೂ ಆದೀತು, ಅದನ್ನು ಪ್ಯಾಂಟಿಗೆ ತಿಕ್ಕಿ ಹೊಳಪು ಮಾಡಿದರೂ ನಡೆದೀತು! ಮೈಲಿಗೆ ಇರುವುದು ವಸ್ತುವಿನಲ್ಲಲ್ಲ, ಅದರ ಮೇಲೆ ಯಾರ ಹೆಸರಿದೆ ಎಂಬುದರಲ್ಲಿ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಸಮಗಾರ ಓಣಿಗಳಲ್ಲಿ ಹೊಲಿದ ಜೋಡುಗಳು ಜಗತ್ತಿನಲ್ಲೆಲ್ಲ 'ಕೊಲ್ಹಾಪುರಿ' ಎಂಬ ಹೆಸರಲ್ಲೇ ಹೋಗುತ್ತವೆ. 2019ರಲ್ಲಿ ಕೊಟ್ಟ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳೂ ಸೇರಿದವು ಎಂಬುದೇ ಸಮಾಧಾನ. ಮಾಡಿದವನ ಹೆಸರು ಅಳಿಸಿ ಮಾರುವವನ ಹೆಸರು ಉಳಿಸುವ ಈ ವ್ಯಾಪಾರ ಕ್ರಿಕೆಟ್ಟಿನಲ್ಲೂ ನಡೆಯಿತು.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಚೆಂಡು ಹಾಕಿ ಗೆಲ್ಲಿಸಿದವರಲ್ಲಿ ಬಾಳೂ ಮುಖ್ಯರು. ತಮ್ಮ ಶಿವರಾಮ ಕೂಡ ತಂಡದಲ್ಲಿದ್ದರು. ಗೆದ್ದವರು ಯಾರು? ಹಿಂದೂಗಳು. ಸುಧಾರಕರ ಪತ್ರಿಕೆ ಸಂಭ್ರಮಿಸಿತು. ಮುಂಬಯಿಯ ಜಿಮಖಾನಾದಲ್ಲಿ ಅಷ್ಟು ಹೊತ್ತಿಗೆ ಚಮ್ಮಾರ ಆಟಗಾರರ ಜೊತೆ ಕೂತು ಉಣ್ಣುವುದು ಶುರುವಾಗಿತ್ತೆಂಬುದನ್ನೂ ನಾವು ಮುಚ್ಚಿಡಬೇಕಿಲ್ಲ. ಆದರೆ ಗುಡಿಯೊಳಗೆ ಹಿಂದೂ ಅಲ್ಲದವನು, ಬಾವಿಯ ಮುಂದೆ ಹಿಂದೂ ಅಲ್ಲದವನು, ವಿಕೆಟ್ ಬೀಳಿಸುವಾಗ ಮಾತ್ರ ಹಿಂದೂ ಆಗುವುದು ಹೇಗೆ? ಜನಗಣತಿಯ ರಾಜಕೀಯಕ್ಕಿಂತ ಮೊದಲೇ ಸ್ಕೋರುಪಟ್ಟಿಯ ರಾಜಕೀಯ ಇತ್ತು ಎಂದು ಇದರಿಂದ ತಿಳಿಯುತ್ತದೆ.

1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಬಹಳ ಪಂದ್ಯ ಸೋತಿತು. ಬಾಳೂ ಒಬ್ಬರೇ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅವರ ಪ್ರಥಮ ದರ್ಜೆಯ ಆಟದ ಒಟ್ಟು ಲೆಕ್ಕ 33 ಪಂದ್ಯಗಳಲ್ಲಿ 179 ವಿಕೆಟ್, ಒಂದು ವಿಕೆಟ್ಟಿಗೆ ಸರಾಸರಿ ಸುಮಾರು 15 ರನ್. ಮರಳಿ ಬಂದಾಗ ಮುಂಬಯಿಯ ದಲಿತರು ಸನ್ಮಾನ ಮಾಡಿದರು. ಆ ಮಾನಪತ್ರ ಬರೆದು ಅರ್ಪಿಸಿದವರು ಆಗ ಇಪ್ಪತ್ತು ವಯಸ್ಸಿನ ವಿದ್ಯಾರ್ಥಿ ಭೀಮರಾವ್ ಎಂದು ರಾಮಚಂದ್ರ ಗುಹಾ ಬರೆಯುತ್ತಾರೆ. ಬಾಬಾಸಾಹೇಬರ ಪುತ್ಥಳಿಯ ಮುಂದೆ ನಿಲ್ಲುವ ನಾವು, ಬಾಬಾಸಾಹೇಬರೇ ಒಂದು ಕಾಲದಲ್ಲಿ ಯಾರ ಮುಂದೆ ಮಾನಪತ್ರ ಹಿಡಿದು ನಿಂತಿದ್ದರು ಎಂದು ಕೇಳಿಕೊಳ್ಳಬೇಕು.

ಇಷ್ಟಾದರೂ ನಾಯಕನ ಪಟ್ಟ ಸಿಗಲಿಲ್ಲ. 1913ರಲ್ಲಿ ಎಂ.ಡಿ. ಪೈ ನಾಯಕರಾದರು, ಈ ಮಾನ ಹಿರಿಯರಾದ ಬಾಳೂಗೆ ಸಲ್ಲಬೇಕಿತ್ತು ಎಂದು ಪೈ ಅವರೇ ಸಭೆಯಲ್ಲಿ ಹೇಳಿದರು. 1920ರಲ್ಲಿ ಬಾಳೂ ಅವರನ್ನು ಕೈಬಿಟ್ಟರು. ಪೈ ಆಡಲಾಗದ ಪಂದ್ಯಕ್ಕೆ ತಮ್ಮ ವಿಠಲರನ್ನು ಬದಿಗಿಟ್ಟು ಡಿ.ಬಿ. ದೇವಧರರನ್ನು ನಾಯಕರನ್ನಾಗಿ ಮಾಡಿದರು. ವಿಠಲ, ಶಿವರಾಮ ಇಬ್ಬರೂ ಜಾತಿಯ ಕಾರಣವನ್ನು ಬಹಿರಂಗವಾಗಿ ಹೇಳಿ ತಂಡದಿಂದ ಹೊರಗೆ ಬಂದರು. ಮಾಣಗಾವ್ ಪರಿಷತ್ತಾದ ವರ್ಷವೇ ಇದು. ಒಂದು ಕಡೆ ಪೆಂಡಾಲಿನಲ್ಲಿ, ಇನ್ನೊಂದು ಕಡೆ ಪೆವಿಲಿಯನ್ನಿನಲ್ಲಿ ಒಂದೇ ಮಾತು ಕೇಳಿಬಂತು: ನಮ್ಮ ನಾಯಕ ನಾವೇ. ಗದ್ದಲವೆದ್ದ ಮೇಲೆ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆಸಿಕೊಂಡರು. ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗಿದ್ದು ಬಾಳೂ ತಂಡವನ್ನು ನಡೆಸುವಂತೆ ಮಾಡಿದರು. ಸ್ವಲ್ಪ ಹೊತ್ತು! 1923ರಲ್ಲಿ ವಿಠಲ ನಾಯಕರಾದರು, ಹಿಂದೂ ತಂಡ ಆ ವರ್ಷ ಗೆದ್ದಿತು. ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ದಕ್ಕಲು ಹತ್ತು ವರ್ಷ ಹಿಡಿಯಿತು.

ಈಗ ಹೆಸರುಗಳ ಪಟ್ಟಿ ನೋಡಿ. 1934ರಲ್ಲಿ ಶುರುವಾದ ಟ್ರೋಫಿಗೆ ರಣಜಿತ್‌ಸಿಂಹಜಿ ಹೆಸರು. 1961ರ ಟ್ರೋಫಿಗೆ ಅವರ ಸೋದರನ ಮಗ ದುಲೀಪ್‌ಸಿಂಹಜಿ ಹೆಸರು. ಇಬ್ಬರೂ ರಾಜಮನೆತನದವರು, ಇಬ್ಬರೂ ಟೆಸ್ಟ್ ಆಡಿದ್ದು ಇಂಗ್ಲೆಂಡಿನ ಪರವಾಗಿ. 1973ರಲ್ಲಿ ಬಂದ ಟ್ರೋಫಿಗೆ ದೇವಧರರ ಹೆಸರು. ಅವರು ದೊಡ್ಡ ಆಟಗಾರರೇ, ಜಗಳ ಅವರ ಜೊತೆಗಲ್ಲ. ಆದರೆ ಯಾರನ್ನು ನಾಯಕರನ್ನಾಗಿ ಮಾಡಿದ್ದಕ್ಕೆ ಇಬ್ಬರು ಚಮ್ಮಾರ ಅಣ್ಣತಮ್ಮಂದಿರು ಮೈದಾನ ಬಿಟ್ಟರೋ ಆ ಹೆಸರು ಬೆಳ್ಳಿಯ ಮೇಲೆ ಕೆತ್ತಲ್ಪಟ್ಟಿತು, ಬಿಟ್ಟುಹೋದವರ ಹೆಸರಿನ ರಾಷ್ಟ್ರೀಯ ಟ್ರೋಫಿ ಇಲ್ಲ. ಇದನ್ನು ಮರೆವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದೊಂದು ಆಯ್ಕೆ.

4

ದಲಿತ ಪ್ಯಾಂಥರ್ಸ್ 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದಾಗ ತಮ್ಮ ಹೆಸರನ್ನು ಅಮೆರಿಕದ ಕಪ್ಪು ಜನರಿಂದ ತಂದುಕೊಂಡರು. ಆದ್ದರಿಂದ ಕಪ್ಪು ಆಟಗಾರನಿಗೆ ಅಮೆರಿಕ ಎಂಥ ಸ್ಮಾರಕ ಕಟ್ಟಿದೆ ಎಂದು ನೋಡುವುದು ನಮ್ಮ ಹಳೆಯ ನೆಂಟಸ್ತಿಕೆಯ ಮುಂದುವರಿಕೆಯೇ. ಅಲ್ಲಿಯ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ. ಕಪ್ಪು ಜನರನ್ನು ದೊಡ್ಡ ತಂಡಗಳಿಂದ ದಶಕಗಳ ಕಾಲ ಹೊರಗಿಟ್ಟ ಆಟ ಅದು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದು ಆ ಗೋಡೆ ಒಡೆದರು. ಐವತ್ತು ವರ್ಷ ತುಂಬಿದಾಗ, 1997ರಲ್ಲಿ, ಅವರ ಅಂಗಿಯ ಮೇಲಿದ್ದ 42 ಎಂಬ ಸಂಖ್ಯೆಯನ್ನು ಎಲ್ಲ ದೊಡ್ಡ ತಂಡಗಳೂ ಅವರ ಗೌರವಕ್ಕೆಂದು ತೆಗೆದಿಟ್ಟವು. ಜಾತಿಯ ದೇಶದಲ್ಲಿ ಹೀಗಾಗಿದೆಯೆ?

ಆದರೆ ಹೊಗಳಿ ಬಿಟ್ಟರೆ ವಿಮರ್ಶೆಯಾಗುವುದಿಲ್ಲ. 2005ರಲ್ಲಿ ಬ್ರೂಕ್ಲಿನ್ನಿನಲ್ಲಿ ನಿಂತ ಸ್ಮಾರಕದಲ್ಲಿ ಇಬ್ಬರಿದ್ದಾರೆ. ರಾಬಿನ್ಸನ್ ಮತ್ತು ಅವರ ಬಿಳಿಯ ಸಹ ಆಟಗಾರ ಪೀ ವೀ ರೀಸ್. ಪ್ರೇಕ್ಷಕರು ಬೈಯುತ್ತಿದ್ದಾಗ ರೀಸ್ ಹೋಗಿ ರಾಬಿನ್ಸನ್ನರ ಹೆಗಲ ಮೇಲೆ ಕೈ ಹಾಕಿದರು ಎಂಬ ಕಥೆಯ ಕಂಚಿನ ರೂಪ ಅದು. ಆ ಘಟನೆ ಯಾವಾಗ, ಎಲ್ಲಿ, ಹೇಗೆ ನಡೆಯಿತೆಂಬ ಬಗ್ಗೆ ಅಲ್ಲಿಯ ಚರಿತ್ರಕಾರರಲ್ಲೇ ತಕರಾರಿದೆ. ನನ್ನ ತಕರಾರು ಬೇರೆ. ಬೈಗುಳ ತಿಂದವನು ಒಬ್ಬ, ಕೈ ಹಾಕಿದವನು ಒಬ್ಬ. ಪೀಠದ ಮೇಲೆ ಇಬ್ಬರೂ ಸಮ ಸಮ. ಒಳ್ಳೆಯ ಬಿಳಿಯನ ಕೈ ಇಲ್ಲದೆ ಕಪ್ಪು ಹೆಗಲು ನಿಲ್ಲಲಾರದು ಎಂದು ಕಂಚು ಹೇಳಿದಂತಾಗುತ್ತದೆ. ಬಾಳೂ ಅವರ ಕಥೆಯನ್ನು ನಮ್ಮಲ್ಲಿ ಹೇಳುವ ರೀತಿಯೂ ಇದೇ. ಗ್ರೇಗ್ ಸಾಹೇಬನ ಎಂಟಾಣೆ, ಸುಧಾರಕರ ಉದಾರತೆ, ಪೈ ಅವರ ದೊಡ್ಡ ಮನಸ್ಸು. ಎಲ್ಲವೂ ನಿಜವಿರಬಹುದು. ಆದರೆ ಕಥೆಯಲ್ಲಿ ಉದಾರಿಗಳಿಗೆಲ್ಲ ಮಾತಿದೆ, ಬಾಳೂಗೆ ಬರೀ ಕೈ ಇದೆ. ನಾಳೆ ಯಾರಾದರೂ ಬಾಳೂ ಪುತ್ಥಳಿ ಮಾಡಿದರೆ ಹೆಗಲ ಮೇಲೆ ಯಾರದಾದರೂ ಕೈ ಇಟ್ಟೇ ಮಾಡುತ್ತಾರೆಂಬ ಭಯ ನನಗಿದೆ.

ಬ್ರೂಕ್ಲಿನ್ನಿನ ಆ ಸ್ಮಾರಕದ ಮೇಲೆ 2013ರಲ್ಲಿ ಯಾರೋ ಸ್ವಸ್ತಿಕವನ್ನೂ ಹೊಲಸು ಮಾತುಗಳನ್ನೂ ಬರೆದರು. ಇನ್ನೊಂದು ಘಟನೆ ಕ್ಯಾನ್ಸಾಸ್ ರಾಜ್ಯದ ವಿಚಿಟಾ ಊರಿನದು. ಅಲ್ಲಿಯ ಉದ್ಯಾನದಲ್ಲಿದ್ದ ರಾಬಿನ್ಸನ್ ಪುತ್ಥಳಿಯನ್ನು 2024ರ ಜನವರಿಯಲ್ಲಿ ಹಿಮ್ಮಡಿಯ ಹತ್ತಿರ ಕೊಯ್ದು ಕದ್ದೊಯ್ದರು; ಸುಟ್ಟ ತುಂಡುಗಳು ಕಸದ ಡಬ್ಬಿಯಲ್ಲಿ ಸಿಕ್ಕವು. ದ್ವೇಷಕ್ಕಲ್ಲ, ಗುಜರಿಗೆ ಮಾರಲು ಕದ್ದದ್ದೆಂದು ಪೊಲೀಸರು ಹೇಳಿದರು. ಅದೇ ವರ್ಷ ಆಗಸ್ಟಿನಲ್ಲಿ ಹೊಸ ಪುತ್ಥಳಿ ನಿಂತಿತು. ಪೀಠದ ಮೇಲೆ ಉಳಿದಿದ್ದ ಕಂಚಿನ ಬೂಟುಗಳು ಕ್ಯಾನ್ಸಾಸ್ ಸಿಟಿಯಲ್ಲಿರುವ ಕಪ್ಪು ಆಟಗಾರರ ಬೇಸ್‌ಬಾಲ್ ಮ್ಯೂಸಿಯಮ್ಮಿಗೆ ಹೋದವು. ಆ ಎರಡು ಬೂಟುಗಳ ಚಿತ್ರ ನೋಡಿದಾಗ ನನಗೆ ಚಮ್ಮಾರ ಓಣಿಯ ನೆನಪಾಯಿತು. ಇಡೀ ಊರಿಗೆ ಮೆಟ್ಟು ಹೊಲಿದು ಕೊಟ್ಟು, ಊರೊಳಗೆ ಮೆಟ್ಟು ಕೈಯಲ್ಲಿ ಹಿಡಿದು ನಡೆದವರು ನಾವು. ಅಲ್ಲಿ ಪುತ್ಥಳಿ ಹೋದರೂ ಅದರ ಬೂಟು ಸ್ಮಾರಕವಾಗುತ್ತದೆ.

5

ಇಲ್ಲಿಯವರೆಗೆ ಬರೆದದ್ದು ಸುಲಭದ ಭಾಗ. ಮೇಲ್ಜಾತಿಯವರು ಮರೆತರು ಎಂದು ಬೈದು ಲೇಖನ ಮುಗಿಸಿದರೆ ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಆದರೆ ನಾವು? ದಲಿತ ಚಳವಳಿ ತನ್ನ ಹಿರಿಯರ ಸಾಲಿನಲ್ಲಿ ಬಾಳೂ ಅವರನ್ನು ಎಲ್ಲಿ ಕೂರಿಸಿದೆ?

ಕಾರಣ ಗೊತ್ತಿರುವುದೇ. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಬಾಳೂ ನಿಂತದ್ದು ಎಂ.ಸಿ. ರಾಜಾ ಅವರ ಜೊತೆ, ಅಂದರೆ ಬಾಬಾಸಾಹೇಬರ ಎದುರಿಗೆ. 1932ರ ಪುಣೆ ಒಪ್ಪಂದದ ಸಹಿಗಳಲ್ಲಿ ಬಾಳೂ ಅವರದೂ ಇದೆ. ಅದರಲ್ಲಿ ಬಾಬಾಸಾಹೇಬರ ಸಹಿಯೂ ಇದೆ. ಆದರೆ ಒಂದು ಸಹಿ ಗಾಂಧಿಯವರ ಉಪವಾಸದ ಒತ್ತಡದಲ್ಲಿ ಬಿದ್ದದ್ದು, ಇನ್ನೊಂದು ಒಪ್ಪಿಗೆಯಿಂದ ಬಿದ್ದದ್ದು. 1935ರಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಬಾಬಾಸಾಹೇಬರು ಸಾರಿದಾಗ ಬಾಳೂ ಅದನ್ನು ಒಪ್ಪಲಿಲ್ಲ. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರ ವಿರುದ್ಧ ಕಾಂಗ್ರೆಸ್ಸು ನಿಲ್ಲಿಸಿದ್ದು ಇದೇ ಬಾಳೂ ಅವರನ್ನು. ಬಾಬಾಸಾಹೇಬರಿಗೆ 13,245 ಮತ, ಬಾಳೂಗೆ 11,225. ಮಾನಪತ್ರ ಬರೆದವನೂ ಪಡೆದವನೂ ಒಂದೇ ಮತಪತ್ರದ ಮೇಲೆ ಎದುರು ಬದುರಾದರು.

ಇದನ್ನು ಓದುವ ಎರಡು ರೀತಿಗಳು ನಮ್ಮಲ್ಲಿ ರೂಢಿಯಲ್ಲಿವೆ. ಒಂದು, "ದ್ರೋಹಿ" ಅಂತ ಬದಿಗೆ ಸರಿಸುವುದು. ಇನ್ನೊಂದು, "ಪಾಪ, ಅವರನ್ನು ದಾಳ ಮಾಡಿಕೊಂಡರು" ಅನ್ನುವುದು. ಕಾಂಗ್ರೆಸ್ಸಿಗೆ ಅವರ ಹೆಸರು ಬೇಕಾಗಿತ್ತು, ಜಿಮಖಾನಾಕ್ಕೆ ಅವರ ತೋಳು ಬೇಕಾಗಿತ್ತು ಎಂಬುದು ಖರೆ. ಆದರೂ ಈ ಎರಡನೆಯ ಓದು ಮೊದಲನೆಯದಕ್ಕಿಂತ ಹೆಚ್ಚು ಅವಮಾನದ್ದು. ಇಂಗ್ಲೆಂಡಿನ ಮೈದಾನಗಳಲ್ಲಿ ಬ್ಯಾಟುಗಾರನ ಮನಸ್ಸಿನಲ್ಲಿ ಏನಿದೆ ಎಂದು ತಿಳಿದು ಚೆಂಡು ಹಾಕುತ್ತಿದ್ದ ಮನುಷ್ಯನಿಗೆ ತನ್ನ ರಾಜಕೀಯ ತಿಳಿಯುತ್ತಿರಲಿಲ್ಲವೆ? ಅವರು ಆರಿಸಿಕೊಂಡರು. ಜೊತೆಗೂಡಿ ಆಡಿ ಗೆದ್ದ ಅನುಭವದಿಂದ, ಜೊತೆಗೂಡಿಯೇ ಬದುಕಬಹುದೆಂಬ ನಂಬಿಕೆ ಅವರಿಗೆ ಬಂದಿರಬಹುದು. ಕುಡಿಕೆಯಿಂದ ತಾಟಿನವರೆಗೆ, ತಾಟಿನಿಂದ ಉಪನಾಯಕತ್ವದವರೆಗೆ ಅವರ ಕಣ್ಣಮುಂದೆಯೇ ದೂರ ಸರಿದಿತ್ತು. ಆ ನಂಬಿಕೆ ತಪ್ಪೆಂದು ನಾನು ತಿಳಿಯುತ್ತೇನೆ. ಮೈದಾನದಲ್ಲಿ ಬಾಗಿಲು ತೆರೆದದ್ದು ಅವರ ಪ್ರತಿಭೆ ಅನಿವಾರ್ಯವಾಗಿದ್ದರಿಂದ. 114 ವಿಕೆಟ್ ತೆಗೆಯಲಾರದ ಕೋಟಿ ಜನರಿಗೆ ಬಾಗಿಲು ತೆರೆಸಲು ಹಕ್ಕೇ ಬೇಕು, ಪ್ರತಿಭೆ ಸಾಲದು. ಬಾಬಾಸಾಹೇಬರು ಹಿಡಿದ ದಾರಿ ಆ ಕೋಟಿ ಜನರದು. ಆದರೆ ತಪ್ಪಾದ ನಂಬಿಕೆ ಇದ್ದವನ ನೋವು ಸುಳ್ಳಾಗುವುದಿಲ್ಲ, ಗೆಲುವೂ ಸುಳ್ಳಾಗುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಕಹಿಯಾದರೂ. ಬಾಳೂ ಚಮ್ಮಾರರಾಗಿದ್ದರು. ಮಹಾರ, ಮಾಂಗ, ಚಮ್ಮಾರ ಎಂದು ಅಲ್ಲಿ, ಹೊಲೆಯ, ಮಾದಿಗ, ಸಮಗಾರ ಎಂದು ಇಲ್ಲಿ ನಾವೇ ಗೆರೆ ಎಳೆದುಕೊಂಡು ಕೂತಿದ್ದೇವೆ. ಜಯಂತಿಗಳನ್ನು, ಫೋಟೋಗಳನ್ನು ಒಳಜಾತಿಯ ಪ್ರಕಾರ ಹಂಚಿಕೊಂಡಿದ್ದೇವೆ. ಒಳಮೀಸಲಾತಿಯ ಹೋರಾಟ ನ್ಯಾಯದ ಹೋರಾಟ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ದಾರಿ ತೆರೆಯಿತು. ಆದರೆ ಪಾಲು ಹಂಚಿಕೊಳ್ಳುವುದು ಬೇರೆ, ಹಿರಿಯರನ್ನು ಹಂಚಿಕೊಳ್ಳುವುದು ಬೇರೆ. "ಅವ ನಮ್ಮಾಂವಲ್ಲ" ಎಂಬ ಮಾತನ್ನು ಸಾವಿರ ವರ್ಷ ಕೇಳಿಸಿಕೊಂಡವರು ಅದೇ ಮಾತನ್ನು ಬಾಳೂ ಬಗ್ಗೆ ಆಡಬಾರದು.

ವ್ಯಕ್ತಿಪೂಜೆಯ ಅಪಾಯವನ್ನು ಬಾಬಾಸಾಹೇಬರಷ್ಟು ಖಾರವಾಗಿ ಹೇಳಿದವರಿಲ್ಲ. 1943ರಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುವಾಗ ಹೇಳಿದರು, 1949ರಲ್ಲಿ ಸಂವಿಧಾನ ಸಭೆಯ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಮತ್ತೆ ಹೇಳಿದರು. ಮರುವರ್ಷವೇ ಬಿಂದು ಚೌಕಿನಲ್ಲಿ ಅವರ ಪುತ್ಥಳಿ ನಿಂತಿತು. ಇದರಲ್ಲಿ ವಿರೋಧವಿದೆ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ನಾನು ಹೀಗೆ ಓದುತ್ತೇನೆ: ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ಪುತ್ಥಳಿ ಪೂಜೆಯ ವಸ್ತು, ಪ್ರಶ್ನೆ ಕೇಳಿಸುವ ಪುತ್ಥಳಿ ಚಳವಳಿಯ ವಸ್ತು. ಎರಡನೆಯ ಬಗೆಯ ಪುತ್ಥಳಿಗೆ ಬಾಳೂ ಅವರಷ್ಟು ತಕ್ಕ ಮನುಷ್ಯ ಸಿಗುವುದು ಕಷ್ಟ. ಅವರನ್ನು ನಿಲ್ಲಿಸಿದರೆ ಸುಮ್ಮನೆ ಕೈಮುಗಿದು ಹೋಗಲಾಗುವುದಿಲ್ಲ. ಗಾಂಧಿ ಅನುಯಾಯಿಗಳು "ಕುಡಿಕೆ ಯಾಕೆ?" ಎಂದು ಕೇಳಿಕೊಳ್ಳಬೇಕಾಗುತ್ತದೆ, ನಾವು "1937 ಯಾಕೆ?" ಎಂದು ಕೇಳಿಕೊಳ್ಳಬೇಕಾಗುತ್ತದೆ.

6

ಕನ್ನಡದ ಮಾತಿಗೆ ಬರೋಣ. ಧಾರವಾಡ ಅಂದರೆ ಬೇಂದ್ರೆ, ಧಾರವಾಡ ಅಂದರೆ ಮನಸೂರ, ಧಾರವಾಡ ಅಂದರೆ ಪೇಢೆ. ಈ ಯಾದಿಯಲ್ಲಿ ಬಾಳೂ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಅವರು ಬೆಳೆದದ್ದು ಪುಣೆಯಲ್ಲಿ, ಆಡಿದ್ದು ಮುಂಬಯಿಯಲ್ಲಿ, 1955ರ ಜುಲೈನಲ್ಲಿ ತೀರಿಕೊಂಡದ್ದೂ ಮುಂಬಯಿಯಲ್ಲೇ ಎಂಬುದು ನಿಜ. ಆದರೆ ಗಡಿಯ ಜಗಳದಲ್ಲಿ ಒಂದೊಂದು ಹಳ್ಳಿಗೂ ಬಡಿದಾಡುವ ಎರಡೂ ಕಡೆಯವರು ಈ ಮನುಷ್ಯನಿಗಾಗಿ ಬಡಿದಾಡಿದ್ದನ್ನು ನಾನು ಕಂಡಿಲ್ಲ. ಕನ್ನಡಿಗನೆಂದಾಗಲಿ ಮರಾಠಿಗನೆಂದಾಗಲಿ ಎಳೆದಾಡಲು ಮೊದಲು ಅವನು ಮನುಷ್ಯನೆಂದು ಲೆಕ್ಕಕ್ಕೆ ಬರಬೇಕಲ್ಲ.

ಸಾಹಿತ್ಯದವರಾದ ನಮಗೆ ಇನ್ನೂ ಒಂದು ಲೆಕ್ಕ ಬಾಕಿಯಿದೆ. ವಿಠಲ ಪಳವಣಕರರು 1948ರಲ್ಲಿ ತಮ್ಮ ಆಟದ ಬದುಕಿನ ಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದರು. ದಯಾ ಪವಾರರ 'ಬಲುತಂ' ಬಂದದ್ದು 1978ರಲ್ಲಿ. ದಲಿತ ಆತ್ಮಕಥೆಯ ಪರಂಪರೆಯನ್ನು ನಾವು ಅಲ್ಲಿಂದಲೇ ಎಣಿಸುತ್ತೇವೆ. ಅದಕ್ಕೂ 30 ವರ್ಷ ಮೊದಲೇ ಒಬ್ಬ ಚಮ್ಮಾರ ತನ್ನ ಬದುಕನ್ನು ತಾನೇ ಬರೆದಿದ್ದ. ಅದು ಕ್ರಿಕೆಟ್ಟಿನ ಪುಸ್ತಕ ಎಂದು ಕಪಾಟಿನ ಬೇರೆ ಸಾಲಿಗೆ ಹೋಯಿತು. 2002ರಲ್ಲಿ ಗುಹಾ ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ಈ ಅಣ್ಣತಮ್ಮಂದಿರ ಕಥೆಯನ್ನು ವಿಸ್ತಾರವಾಗಿ ಹೇಳಿದಾಗ ಇಂಗ್ಲಿಷ್ ಓದುವವರಿಗೆ ಅದು ಗೊತ್ತಾಯಿತು. ಅವರಿಗೆ ಋಣ ಸಲ್ಲಬೇಕು. ಆದರೆ ನಮ್ಮ ಮನೆಯ ಕಥೆ ಇಂಗ್ಲಿಷಿನ ಸುತ್ತುದಾರಿಯಿಂದ ನಮಗೆ ಬರಬೇಕೆ? ಎರಡೂ ಭಾಷೆ ಬಲ್ಲ ಗಡಿನಾಡಿನ ದಲಿತ ಲೇಖಕರು ಮಾಡಬೇಕಾದ ಮೊದಲ ಕೆಲಸ ವಿಠಲರ ಪುಸ್ತಕವನ್ನು ಕನ್ನಡಕ್ಕೆ ತರುವುದು. ಕಾಗದದ ಸ್ಮಾರಕಕ್ಕೆ ಸರ್ಕಾರದ ಮಂಜೂರಾತಿ ಬೇಕಿಲ್ಲ.

ಕಲ್ಲಿನ ಸ್ಮಾರಕವೂ ಬೇಕು. ಧಾರವಾಡದಲ್ಲೇ ಬೇಕು. ಹೇಗಿರಬೇಕೆಂದು ನನ್ನದೊಂದು ಕರಡು ಹೇಳುತ್ತೇನೆ, ತಿದ್ದುವವರು ತಿದ್ದಲಿ. ಹೆಗಲ ಮೇಲೆ ಯಾರ ಕೈಯೂ ಬೇಡ. ಒಬ್ಬರೇ ನಿಂತಿರಲಿ, ಎಡಗೈಯಲ್ಲಿ ಚೆಂಡು, ಹೊಲಿಗೆ ಕಾಣುವಂತೆ. ಪೀಠ ಎತ್ತರ ಬೇಡ, ಸಾಲಿ ಹುಡುಗರು ಮುಟ್ಟುವಂತಿರಲಿ. ಮುಟ್ಟಿಸಿಕೊಳ್ಳದ ಮನುಷ್ಯನ ಪುತ್ಥಳಿಯನ್ನಾದರೂ ಎಲ್ಲರೂ ಮುಟ್ಟಲಿ. ಪಕ್ಕದಲ್ಲಿ ಒಂದು ಮಣ್ಣಿನ ಕುಡಿಕೆ ಇರಲಿ. ಪೀಠದ ಒಂದು ಮಗ್ಗುಲಲ್ಲಿ 1906, 1911 ಎಂದು ಕೆತ್ತಲಿ, ಇನ್ನೊಂದು ಮಗ್ಗುಲಲ್ಲಿ 1913, 1920 ಎಂದು ಕೆತ್ತಲಿ. ಮೂರನೆಯ ಮಗ್ಗುಲಲ್ಲಿ 1932, 1937 ಎಂದು ಕೆತ್ತಲಿ, ಮತಗಳ ಲೆಕ್ಕ ಸಮೇತ. ಉದ್ಘಾಟಿಸಿದ ಮಂತ್ರಿಗಳ ಹೆಸರಿಗೆ ನಾಲ್ಕನೆಯ ಮಗ್ಗುಲೂ ಬೇಡ. ಅಲ್ಲಿ ಚೆಂಡು ಹೊಲಿಯುವವರು, ಮೈದಾನ ಗುಡಿಸುವವರು, ಪಿಚ್ಚಿಗೆ ನೀರು ಬಿಡುವವರು ತಮ್ಮ ಹೆಸರು ತಾವೇ ಬರೆಯುವಷ್ಟು ಜಾಗ ಖಾಲಿ ಇರಲಿ.

ಮೂರನೆಯ ಮಗ್ಗುಲು ಬೇಡ ಎನ್ನುವ ಗೆಳೆಯರು ನಮ್ಮ ಚಳವಳಿಯಲ್ಲೇ ಇದ್ದಾರೆ, ಅದು ನನಗೆ ಗೊತ್ತು. ಅವರೂ ಬರೆಯಲಿ. ಆ ಜಗಳ ಇದೇ ಪುಟಗಳಲ್ಲಿ ನಡೆಯಲಿ.